ಹಕ್ಕಿ ಫೋಟೋ ತೆಗೆಯೋಕೆ ಹೋಗಿ ಹೊಳೆ ನೋಡಿದೆ

(ನಮ್ಮ ಚಾನೆಲ್‌ನಲ್ಲಿ ಬಂದ ವಿಡಿಯೋ ಮಾತಿನ ಬರಹರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತುಸು ತಿದ್ದಿದೆ.)

ನಾನು ಕಲಬುರಗಿ ಜಿಲ್ಲೆ ಅಫಜಲಪುರ ತಾಲೂಕಿನವನು. ಎಂಟೆಕ್ ಮುಗಿಸಿ ಪುಣೆಗೆ ಬಂದು ಹತ್ತು ವರ್ಷ ಆಯ್ತು. ವಾರದ ಐದು ದಿನ ಹಿಂಜವಡಿಯಲ್ಲಿ ಕೋಡ್ ಬರೀತೀನಿ. ಚಳಿಗಾಲ, ಬೇಸಿಗೆಯ ವೀಕೆಂಡ್‌ಗಳಲ್ಲಿ ಹಕ್ಕಿ ಫೋಟೋ ತೆಗೀತೀನಿ.

ಈ ಹವ್ಯಾಸದ ಬಗ್ಗೆ ನನಗೆ ಬರೋ ಪ್ರಶ್ನೆ ಎರಡೇ. ಒಂದು, "ಆ ಲೆನ್ಸ್ ಎಷ್ಟಾಯ್ತು?" ಎರಡು, "ಇದರಿಂದ ನಿಂಗೆ ಏನ್ ಸಿಗುತ್ತೆ?" ಮೊದಲನೇದಕ್ಕೆ ಉತ್ತರ ನನ್ನ ಹೆಂಡತಿ ಈ ವಿಡಿಯೋ ನೋಡಲ್ಲ ಅಂತ ಖಾತ್ರಿ ಆದ ಮೇಲೆ ಹೇಳ್ತೀನಿ. (ನಗು)

ಎರಡನೇದಕ್ಕೆ ಜನ ಕಾಯೋ ಉತ್ತರ ಏನು ಅಂತ ಗೊತ್ತು. ಮನಸ್ಸಿಗೆ ಶಾಂತಿ, ಸ್ಟ್ರೆಸ್ ಕಡಿಮೆ, ಸ್ಕ್ರೀನ್‌ನಿಂದ ದೂರ. ಸುಳ್ಳಲ್ಲ ಅದು. ಆದರೆ ಅಷ್ಟಕ್ಕೇ ಆಗಿದ್ದರೆ ಸೊಸೈಟಿಯ ಈಜುಕೊಳ ಸಾಕಿತ್ತು, ಬೆಳಗಿನ ಮೂರೂವರೆಗೆ ಏಳೋ ಕರ್ಮ ಬೇಕಿರಲಿಲ್ಲ. ನನಗೆ ಸಿಕ್ಕಿದ್ದು ಬೇರೆ. ಒಂದೇ ಜಾಗಕ್ಕೆ ಆರು ವರ್ಷ ಹೋಗಿ ಒಂದೇ ಹಕ್ಕಿಯನ್ನ ನೋಡಿದ್ದರಿಂದ, ನಾನು ದುಡಿಯೋ ಊರಿಗೂ ನಾನು ಹುಟ್ಟಿದ ಊರಿಗೂ ನಡುವೆ ಏನು ಹರೀತಿದೆ ಅನ್ನೋದು ಕಣ್ಣಿಗೆ ಬಿತ್ತು. ಅದನ್ನ ನಿಮ್ಮ ಮುಂದೆ ಇಡೋಣ ಅಂತ ಬಂದೆ.

ತಲೆಕೆಳಗು ಮಾಡಿ ಉಣ್ಣೋ ಹಕ್ಕಿ

ಜಾಗದ ಹೆಸರು ಭಿಗವಣ. ಪುಣೆಯಿಂದ ಸೊಲ್ಲಾಪುರ ಹೈವೇ ಹಿಡಿದು ಹಡಪ್ಸರ್, ಯವತ್, ಪಾಟಸ್, ಕುರಕುಂಭ ದಾಟಿದರೆ ಸುಮಾರು ನೂರು ಕಿಲೋಮೀಟರ್. ಭೀಮಾ ನದಿಗೆ ಕಟ್ಟಿದ ಉಜನಿ ಅಣೆಕಟ್ಟಿನ ಹಿನ್ನೀರು ಅದು. ಪಕ್ಕದ ಕುಂಭಾರಗಾಂವ್‌ನಲ್ಲಿ ದೋಣಿ ಸಿಗ್ತಾವೆ. ಚಳಿಗಾಲದಿಂದ ಬೇಸಿಗೆವರೆಗೆ ಅಲ್ಲಿಗೆ ದೊಡ್ಡ ಫ್ಲೆಮಿಂಗೊಗಳು ಬರ್ತಾವೆ. ನಮ್ಮ ಪೇಪರ್‌ಗಳಲ್ಲಿ ರಾಜಹಂಸ ಅಂತ ಬರೀತಾರೆ, ಮರಾಠಿಯಲ್ಲಿ ರೋಹಿತ, ಅಗ್ನಿಪಂಖ ಅಂತಾರೆ. ಅಗ್ನಿಪಂಖ ಅನ್ನೋ ಹೆಸರು ಯಾಕೆ ಅಂತ ಅದು ರೆಕ್ಕೆ ಬಿಚ್ಚಿದಾಗ ತಿಳಿಯುತ್ತೆ. ನಿಂತಾಗ ಬರೀ ತಿಳಿಗುಲಾಬಿ ಬಿಳುಪು. ಬಿಚ್ಚಿದರೆ ಒಳಗೆ ಕೆಂಡದ ಬಣ್ಣ, ಅಂಚಿಗೆ ಕಪ್ಪು.

ಶುರುವಿನಲ್ಲಿ ನನಗೂ ಆ ಕೆಂಡದ ಬಣ್ಣವೇ ಬೇಕಿತ್ತು. ಶಟರ್ 1/2000, ಬರ್ಸ್ಟ್ ಮೋಡ್, ಒಂದು ಬೆಳಗ್ಗೆಗೆ ಸಾವಿರದ ನಾನೂರು ಫ್ರೇಮ್. ಮನೆಗೆ ಬಂದು ಆರಿಸಿದರೆ ಹನ್ನೆರಡು ಉಳಿಯೋದು. ಆದರೆ ಫೋಟೋಗ್ರಫಿಯಲ್ಲಿ ಒಂದು ವಿಚಿತ್ರ ಇದೆ. ಹಕ್ಕಿ ಹಾರೋದು ಎರಡು ನಿಮಿಷ. ಉಳಿದ ಮೂರು ಗಂಟೆ ಅದು ಉಣ್ತಾ ಇರುತ್ತೆ. ಲೆನ್ಸಿಗೆ ಕಣ್ಣಿಟ್ಟು ಕೂತ ಮೇಲೆ ಆ ಮೂರು ಗಂಟೆ ಉಣ್ಣೋದನ್ನೇ ನೋಡಬೇಕು, ಬೇರೆ ದಾರಿ ಇಲ್ಲ.

ನೋಡ್ತಾ ನೋಡ್ತಾ ಗೊತ್ತಾಗಿದ್ದು, ಈ ಹಕ್ಕಿ ತಲೆಯನ್ನ ತಲೆಕೆಳಗು ಮಾಡಿ ಉಣ್ಣುತ್ತೆ. ಕೊಕ್ಕಿನ ಮೇಲ್ಭಾಗ ಕೆಳಗೆ, ಕೆಳಭಾಗ ಮೇಲೆ. ಕೊಕ್ಕಿನ ಒಳಗೆ ಬಾಚಣಿಗೆ ಹಲ್ಲಿನ ಹಾಗೆ ಸಾಲು ಸಾಲು ಜರಡಿ ಇದೆ. ನಾಲಿಗೆ ಪಂಪಿನ ಹಾಗೆ ಸೆಕೆಂಡಿಗೆ ಹಲವು ಸಲ ಹಿಂದೆ ಮುಂದೆ ಆಡುತ್ತೆ. ನೀರು ಒಳಗೆ, ನೀರು ಹೊರಗೆ, ನಡುವೆ ಹುಳು, ಸಣ್ಣ ಸಿಗಡಿ ಜಾತಿಯ ಜೀವಿಗಳು, ಪಾಚಿ ಒಳಗೇ ಉಳೀತಾವೆ. ಕೆಲವು ಸಲ ಒಂದೇ ಜಾಗದಲ್ಲಿ ಸುತ್ತುತ್ತಾ ಕಾಲಲ್ಲಿ ಕೆಸರು ತುಳಿಯುತ್ತೆ, ಅಡಿಯಲ್ಲಿ ಇರೋದು ಮೇಲೆ ಬರಲಿ ಅಂತ. ಅದರ ಗುಲಾಬಿ ಬಣ್ಣ ಕೂಡ ಹುಟ್ಟಿನಿಂದ ಬಂದಿದ್ದಲ್ಲ. ಮರಿ ಬೂದು ಬಣ್ಣದ್ದು. ಊಟದಲ್ಲಿರೋ ಕ್ಯಾರೊಟಿನಾಯ್ಡ್ ಅನ್ನೋ ವರ್ಣದ್ರವ್ಯ ವರ್ಷಗಟ್ಟಲೆ ಮೈಸೇರಿ ಗುಲಾಬಿ ಆಗುತ್ತೆ. ಅಂದರೆ ನಾವು ಫೋಟೋದಲ್ಲಿ ಹಿಡಿಯೋ ಬಣ್ಣ ಅಂದರೆ ಆ ಹಕ್ಕಿ ಉಂಡ ಊಟ.

ಇದು ತಿಳಿದ ಮೇಲೆ ಮುಂದಿನ ಪ್ರಶ್ನೆ ತಾನಾಗೇ ಬರುತ್ತೆ. ಈ ಊಟ ಇಲ್ಲಿಗೆ ಎಲ್ಲಿಂದ ಬಂತು?

ಮೈನಸ್ ಶೇಕಡಾ

ಉಜನಿ ಹಳೆಯ ಕೆರೆಯಲ್ಲ, 1980ರಲ್ಲಿ ಮುಗಿದ ಅಣೆಕಟ್ಟು. ಒಟ್ಟು ಸುಮಾರು 117 ಟಿಎಂಸಿ ನೀರು ಹಿಡಿಯುತ್ತೆ. ಮಹಾರಾಷ್ಟ್ರದ ಪೇಪರ್ ಓದೋರಿಗೆ ಗೊತ್ತಿರುತ್ತೆ, ಬೇಸಿಗೆಯಲ್ಲಿ ಉಜನಿ ಬಗ್ಗೆ "ಮೈನಸ್ ಇಷ್ಟು ಶೇಕಡಾ" ಅಂತ ಸುದ್ದಿ ಬರುತ್ತೆ. ಮೊದಲ ಸಲ ಓದಿದಾಗ ನನ್ನೊಳಗಿನ ಇಂಜಿನಿಯರ್‌ಗೆ ಇದು ಬಗ್ ಅನ್ನಿಸ್ತು. ಅಣೆಕಟ್ಟಿನಲ್ಲಿ ನೀರು ಸೊನ್ನೆಗಿಂತ ಕಡಿಮೆ ಇರೋಕೆ ಹೇಗೆ ಸಾಧ್ಯ?

ವಿಷಯ ಸರಳ. ಸೊನ್ನೆ ಇರೋದು ತಳದಲ್ಲಿ ಅಲ್ಲ. ಸಹಜವಾಗಿ ಬಳಸೋಕೆ ಬರೋ ನೀರಿನ ಮಟ್ಟ ಎಲ್ಲಿ ಮುಗಿಯುತ್ತೋ ಅಲ್ಲಿಗೆ ಸೊನ್ನೆ ಇಟ್ಟಿದ್ದಾರೆ. ಅದರ ಕೆಳಗಿರೋದು ಮೃತ ಸಂಗ್ರಹ. ಉಜನಿಯಲ್ಲಿ ಈ ಮೃತ ಸಂಗ್ರಹವೇ 63 ಟಿಎಂಸಿಗಿಂತ ಹೆಚ್ಚು, ಒಟ್ಟು ನೀರಿನ ಅರ್ಧಕ್ಕೂ ಜಾಸ್ತಿ. ನೀರು ಆ ಗೆರೆಗಿಂತ ಕೆಳಗಿಳಿದರೆ ಮೈನಸ್. 2023ರ ಮಳೆ ಕೈಕೊಟ್ಟ ಮೇಲೆ 2024ರ ಬೇಸಿಗೆಯಲ್ಲಿ ಅದು ಮೈನಸ್ ಐವತ್ತು ಶೇಕಡಾಕ್ಕೂ ಕೆಳಗೆ ಹೋಗಿತ್ತು.

ಈಗ ಫ್ಲೆಮಿಂಗೊ ಕಡೆಯಿಂದ ನೋಡಿ. ಅದಕ್ಕೆ ಬೇಕಾದ್ದು ತನ್ನ ಕಾಲಿನ ಅಳತೆಯ ನೀರು, ಕೆಸರಿನ ಬಯಲು. ಅಣೆಕಟ್ಟು ತುಂಬಿದ್ದಾಗ ಕೆಸರು ಆಳದಲ್ಲಿ ಇರುತ್ತೆ, ಹಕ್ಕಿಗೆ ಎಟುಕಲ್ಲ. ನೀರು ಇಳೀತಾ ಇಳೀತಾ ಕೆಸರು ತೆರೆದುಕೊಳ್ಳುತ್ತೆ. ನಮ್ಮ ಮೈನಸ್ಸೇ ಅದಕ್ಕೆ ಪ್ಲಸ್. ಸೊಲ್ಲಾಪುರದ ರೈತ ಆಕಾಶ ನೋಡ್ತಾ ಕೂತ ವರ್ಷ, ನಮ್ಮಂಥ ಫೋಟೋದವರಿಗೆ ಹಬ್ಬ. ಆ ಬೇಸಿಗೆಯಲ್ಲಿ ತೆಗೆದ ಚೆಂದದ ಫೋಟೋಗಳನ್ನ ಯಾರಾದರೂ ತೋರಿಸಿದರೆ, ಅವುಗಳ ಹಿಂದೆ ಒಂದು ಬರಗಾಲ ಇದೆ ಅಂತ ಈಗ ನನಗೆ ಕಾಣುತ್ತೆ.

ಊಟದ ಪ್ರಶ್ನೆಗೆ ಬರೋಣ. ಆ ಕೆಸರು ಅಷ್ಟು ಫಲವತ್ತು ಯಾಕೆ? ಹೊಲದ ಗೊಬ್ಬರ ತೊಳೆದು ಬರೋದು ಒಂದು. ಇನ್ನೊಂದು ನಾವು. ಹಿಂಜವಡಿ, ವಾಕಡ್, ಬಾಣೇರ್ ಕಡೆಯ ನೀರು ಮುಳಾ ನದಿಗೆ ಸೇರುತ್ತೆ. ಪುಣೆ ಊರೊಳಗೆ ಮುಳಾ, ಮುಠಾ ಕೂಡ್ತಾವೆ. ಕೂಡಿದ್ದು ಭೀಮೆಗೆ, ಭೀಮೆ ಉಜನಿಗೆ. ಈ ದಾರಿಯಲ್ಲಿ ನಗರದ ಕೊಳಚೆ, ಶುದ್ಧ ಮಾಡಿದ್ದೂ ಮಾಡದೇ ಬಿಟ್ಟದ್ದೂ, ಎರಡೂ ಹೋಗುತ್ತೆ. ಸಾರಜನಕ, ರಂಜಕ ಹೆಚ್ಚಾದರೆ ಪಾಚಿ ಹೆಚ್ಚುತ್ತೆ, ಅದನ್ನ ನಂಬಿದ ಹುಳುಹುಪ್ಪಟೆ ಹೆಚ್ಚುತ್ತೆ.

ಹಾಗಂತ "ನಮ್ಮ ಕೊಳಚೆಯಿಂದ ಹಕ್ಕಿಗೆ ಒಳ್ಳೇದಾಯ್ತು" ಅಂತ ಬೆನ್ನು ತಟ್ಟಿಕೊಳ್ಳೋ ವಿಷಯ ಅಲ್ಲ ಇದು. ಉಜನಿ ನೀರು ಎಷ್ಟೋ ದಿನ ಬಣ್ಣದಂಗಡಿಯ ಹಸಿರು ಡಬ್ಬಿ ಚೆಲ್ಲಿದ ಹಾಗೆ ಇರುತ್ತೆ. ಕೈ ಅದ್ದಿದರೆ ವಾಸನೆ ಹೋಗಲ್ಲ. ಫ್ಲೆಮಿಂಗೊ ಬಂದಿದೆ ಅಂದರೆ ನೀರು ಚೊಕ್ಕಟ ಇದೆ ಅಂತ ಸರ್ಟಿಫಿಕೇಟ್ ಅಲ್ಲ. ನಾನು ಬೆಳಗ್ಗೆ ಸಿಂಕಿನಲ್ಲಿ ತೊಳೆದ ಪಾತ್ರೆ ನೀರು ಎಲ್ಲಿಗೆ ಹೋಗುತ್ತೆ ಅಂತ ನಾನು ಯೋಚಿಸಿದ್ದು ಆ ಹಕ್ಕಿಯ ಕೊಕ್ಕು ನೋಡಿದ ಮೇಲೆ, ಅಷ್ಟೇ ನಾನು ಹೇಳೋದು.

ದೋಣಿಯ ಕಾಕಾ

ನಾವು ನಾಲ್ಕೈದು ಗೆಳೆಯರು ಯಾವಾಗಲೂ ಒಬ್ಬರದೇ ದೋಣಿಯಲ್ಲಿ ಹೋಗ್ತೀವಿ. ಅವರ ಹೆಸರು ಹೇಳಲ್ಲ, ಕಾಕಾ ಅಂತೀನಿ. ಅರವತ್ತು ದಾಟಿದೆ. ಮೀನು ಹಿಡಿಯೋದು ಮನೆ ಕಸುಬು. ಬಲೆಗೆ ಬೀಳೋದು ಬಹುಪಾಲು ಚಿಲಾಪಿ, ನಮ್ಮ ಕಡೆ ಜಿಲೇಬಿ ಮೀನು ಅಂತಾರಲ್ಲ, ಅದೇ. ಸೀಸನ್‌ನಲ್ಲಿ ನಮ್ಮಂಥವರನ್ನ ಕೂರಿಸಿಕೊಂಡು ಹಕ್ಕಿ ತೋರಿಸ್ತಾರೆ.

ಮೊದಲ ಸಲ ಯಾವೂರು ಅಂತ ಕೇಳಿದಾಗ ಅಫಜಲಪುರ ಅಂದೆ, ಗೊತ್ತಾಗಲಿಲ್ಲ. ಗಾಣಗಾಪುರದ ಹತ್ತಿರ ಅಂದೆ. ಕೂಡಲೇ ಹುಟ್ಟು ಬಿಟ್ಟು ಕೈ ಮುಗಿದರು. "ದತ್ತ ಮಹಾರಾಜರ ಊರು! ಹಾಗಾದರೆ ನೀವು ಕೆಳಗಿನವರು" ಅಂದರು. ಕೆಳಗಿನವರು ಅನ್ನೋ ಮಾತು ನನಗೆ ಹೊಸದು. ಆಫೀಸಿನಲ್ಲಿ ನಾನು ಸೌತ್‌ನವನು, ಬೆಂಗಳೂರಿಗೆ ಹೋದರೆ ಉತ್ತರ ಕರ್ನಾಟಕದವನು. ಹೊಳೆಯ ಲೆಕ್ಕದಲ್ಲಿ ಮಾತ್ರ ನಾನು ಕೆಳಗಿನವನು, ಅವರು ಮೇಲಿನವರು. ಒಂದೇ ನೀರಿನವರು.

ಎರಡನೇ ವರ್ಷವೋ ಮೂರನೇ ವರ್ಷವೋ, ಫ್ಲೆಮಿಂಗೊ ಹಿಂಡು ಒಂದು ದಿಬ್ಬದ ಪಕ್ಕ ಉಣ್ತಾ ಇತ್ತು. ಕಾಕಾ ಬೆರಳು ತೋರಿಸಿ, "ಅವು ನಿಂತಿರೋದು ನಮ್ಮ ಅಜ್ಜನ ಜೋಳದ ಹೊಲ" ಅಂದರು. ಅವರ ಹಳೇ ಊರು ನೀರಿನೊಳಗಿದೆ. ಉಜನಿ ನೀರಲ್ಲಿ ಇಂಥ ಊರುಗಳು ಹಲವು. ಪಳಸದೇವ ಅನ್ನೋ ಊರಿನ ಹಳೇ ದೇವಸ್ಥಾನ ನೀರು ತೀರಾ ಇಳಿದ ವರ್ಷ ಪೂರ್ತಿ ಹೊರಗೆ ಬರುತ್ತೆ, ಆಗ ಜನ ನೋಡೋಕೆ ಹೋಗ್ತಾರೆ. ಕಾಕಾ ಹೇಳಿದರು, ನೀರಿಳಿದ ವರ್ಷ ಬಾವಿಯ ಕಟ್ಟೆ ಕಾಣುತ್ತೆ, ಹೋಗಿ ಕೂತು ಬರ್ತೀನಿ ಅಂತ. ಅಳುಮೋರೆ ಮಾಡಿಕೊಂಡು ಹೇಳಲಿಲ್ಲ. ಹೊಲ ಹೋಯ್ತು, ಮೀನು ಬಂತು, ಈಗ ಹಕ್ಕಿ ಬಂದಿದೆ ಅನ್ನೋ ಧಾಟಿ.

ಅದೇ ದಿನ ಇನ್ನೊಂದು ದೋಣಿ ಬಂತು. ನಮಗಿಂತ ದೊಡ್ಡ ಲೆನ್ಸಿನವರು. ಹಾರೋ ಶಾಟ್ ಬೇಕು ಅವರಿಗೆ. ತಮ್ಮ ದೋಣಿಯವನಿಗೆ, ಹತ್ತಿರ ಹೋಗು, ಹಾರಿಸು, ಐನೂರು ಜಾಸ್ತಿ ಕೊಡ್ತೀವಿ ಅಂತಿದ್ದಾರೆ. ನೀರ ಮೇಲೆ ಮಾತು ಬಹಳ ದೂರ ಕೇಳುತ್ತೆ. ದೋಣಿ ಹಿಂಡಿನೊಳಗೆ ನುಗ್ಗಿತು, ಅಷ್ಟೂ ಹಕ್ಕಿ ಎದ್ದವು. ನೋಡೋಕೆ ಚೆಂದ ಇತ್ತು, ಇಲ್ಲ ಅನ್ನಲ್ಲ. ನೂರಾರು ಕೆಂಡದ ರೆಕ್ಕೆ ಒಮ್ಮೆಗೇ. ನಮ್ಮ ಗೆಳೆಯರಲ್ಲೊಬ್ಬ ಕ್ಯಾಮೆರಾ ಎತ್ತಿ, ಕಾಕಾ ಮುಖ ನೋಡಿ ಇಳಿಸಿದ.

ಕಾಕಾ ಹೇಳಿದ್ದು ಒಂದೇ ಮಾತು: "ಉಣ್ಣೋಕೆ ಕೂತವರನ್ನ ಎಬ್ಬಿಸಬಾರದು ಸರ್."

ಇದಕ್ಕಿಂತ ಚೆನ್ನಾಗಿ ವನ್ಯಜೀವಿ ಫೋಟೋಗ್ರಫಿಯ ನೀತಿಯನ್ನ ನಾನು ಎಲ್ಲೂ ಕೇಳಿಲ್ಲ. ಅದರ ಹಿಂದೆ ವಿಜ್ಞಾನವೂ ಇದೆ. ಫ್ಲೆಮಿಂಗೊ ಕಾಗೆಯ ಹಾಗೆ ನಿಂತಲ್ಲೇ ಹಾರಲ್ಲ, ನೀರ ಮೇಲೆ ಓಡಿ ಓಡಿ ಮೇಲೇಳಬೇಕು. ಪ್ರತಿ ಸಲ ಎದ್ದಾಗ ಶಕ್ತಿ ಖರ್ಚು, ಊಟದ ಹೊತ್ತು ನಷ್ಟ. ಸೀಸನ್ ಮುಗಿದ ಮೇಲೆ ಇದೇ ಊಟದ ಬಲದ ಮೇಲೆ ದೂರ ಹೋಗಬೇಕು. ಈ ಜಾತಿ ನಮ್ಮ ದೇಶದಲ್ಲಿ ದೊಡ್ಡ ಸಂಖ್ಯೆಯಲ್ಲಿ ಮರಿ ಮಾಡೋದು ಕಚ್ಛದ ರಣದಲ್ಲಿ. ಒಂದು ದಿನಕ್ಕೆ ಹತ್ತು ದೋಣಿ, ಹತ್ತೂ ದೋಣಿಯವರಿಗೆ ಹಾರೋ ಶಾಟ್ ಬೇಕು ಅಂದರೆ ಲೆಕ್ಕ ಹಾಕಿ.

ಇಲ್ಲಿ ಹಣದ ಮಾತೂ ಇದೆ. ಆ ಐನೂರು ರೂಪಾಯಿ ಕಾಕಾಗೂ ಬೇಕು. ಹಾರಿಸಲ್ಲ ಅಂದರೆ ಗಿರಾಕಿ ಪಕ್ಕದ ದೋಣಿಗೆ ಹೋಗ್ತಾರೆ. ಹಾಗಾಗಿ ನಾವು ಗೆಳೆಯರು ಒಂದು ಪದ್ಧತಿ ಮಾಡಿಕೊಂಡ್ವಿ. ಒಂದು ಗಂಟೆ ಹೆಚ್ಚಿಗೆ ಬುಕ್ ಮಾಡೋದು, ಅದಕ್ಕೆ ಪೂರ್ತಿ ದುಡ್ಡು ಕೊಡೋದು, ಆ ಗಂಟೆ ಇಂಜಿನ್ ಆರಿಸಿ ಸುಮ್ಮನೆ ಕೂರೋದು. ಓಡಿಸಿದ್ದಕ್ಕೆ ಅಲ್ಲ, ಕಾದಿದ್ದಕ್ಕೆ ಕೂಲಿ. ಸುಮ್ಮನೆ ಕೂತರೆ ಹಕ್ಕಿಗಳು ತಾವಾಗೇ ಸ್ವಲ್ಪ ಸ್ವಲ್ಪ ಹತ್ತಿರ ಬರ್ತಾವೆ. ತಮಗೆ ಬೇಕಾದಾಗ ಹಾರ್ತಾವೆ. ನನ್ನ ಹತ್ತಿರ ಇರೋ ಒಳ್ಳೇ ಹಾರಾಟದ ಫೋಟೋ ಎಲ್ಲಾ ಆ ಕಾಯೋ ಗಂಟೆಯಲ್ಲಿ ಸಿಕ್ಕಿದ್ದು.

ಕೆಳಗಿನ ಊರು

ಉಜನಿ ದಾಟಿದ ಭೀಮೆ ಪಂಢರಪುರಕ್ಕೆ ಹೋಗ್ತಾಳೆ. ಅಲ್ಲಿ ಅರ್ಧಚಂದ್ರನ ಹಾಗೆ ಬಾಗಿ ಹರಿಯೋದರಿಂದ ಚಂದ್ರಭಾಗಾ ಅಂತ ಹೆಸರು. ಆಮೇಲೆ ಸೊಲ್ಲಾಪುರ ಜಿಲ್ಲೆ, ಆಮೇಲೆ ನಮ್ಮ ವಿಜಯಪುರ, ಕಲಬುರಗಿ, ಯಾದಗಿರಿ. ಭೀಮಾಶಂಕರದಲ್ಲಿ ಹುಟ್ಟಿ ಸುಮಾರು 860 ಕಿಲೋಮೀಟರ್ ಹರಿದು ರಾಯಚೂರು ಹತ್ತಿರ ಕೃಷ್ಣೆಗೆ ಸೇರ್ತಾಳೆ. ನಮ್ಮ ಹೊಲ ಈ ದಾರಿಯಲ್ಲಿದೆ.

2020ರ ಅಕ್ಟೋಬರ್‌ನಲ್ಲಿ ನಾನು ಊರಲ್ಲೇ ಇದ್ದೆ. ವರ್ಕ್ ಫ್ರಮ್ ಹೋಮ್ ಕಾಲ, ನಿಮ್ಮಲ್ಲೂ ಬಹಳ ಜನ ಹಾಗೇ ಊರು ಸೇರಿದ್ದಿರಿ. ಆ ತಿಂಗಳು ಮೇಲೆಲ್ಲಾ ಭಾರೀ ಮಳೆ, ಭೀಮೆ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದ್ದು ನಿಮಗೆ ನೆನಪಿರಬಹುದು. ಗಾಣಗಾಪುರದ ಸಂಗಮ ಮುಳುಗಿತ್ತು. ನಮ್ಮ ತೊಗರಿ ಸೊಂಟದ ಎತ್ತರ ಬೆಳೆದಿತ್ತು, ಹೂವಿಗೆ ಬರೋ ಹೊತ್ತು. ಎರಡು ದಿನದಲ್ಲಿ ಹೊಲ ಕೆರೆ ಆಯ್ತು. ತೊಗರಿಗೆ ಬೇರಿನಲ್ಲಿ ನೀರು ನಿಂತರೆ ಮುಗೀತು, ಬೇರು ಕೊಳೆಯುತ್ತೆ.

ನೀರು ಸ್ವಲ್ಪ ಇಳಿದ ಮೇಲೆ ಅಪ್ಪನ ಜೊತೆ ಹೊಲದ ಹತ್ತಿರ ಹೋದೆ. ಹೆಗಲಲ್ಲಿ ಕ್ಯಾಮೆರಾ ಇತ್ತು. ಬೆಳೆ ನಷ್ಟದ ಫೋಟೋ ಬೇಕಾಗುತ್ತೆ ಅಂತ ಅಪ್ಪನೇ ತಗೊಂಡು ಬಾ ಅಂದಿದ್ದರು. ಕರೀ ಆಗಿ ನಿಂತ ತೊಗರಿ ಗಿಡ, ನಡುವೆ ಮೊಣಕಾಲು ನೀರು. ಆ ನೀರಲ್ಲಿ ಮೆಟ್ಟುಗಾಲು ಹಕ್ಕಿಗಳು. ಉದ್ದನೇ ಗುಲಾಬಿ ಕಾಲು, ಬಿಳಿ ಮೈ, ಕಪ್ಪು ರೆಕ್ಕೆ. ಇಪ್ಪತ್ತೋ ಇಪ್ಪತ್ತೈದೋ ಇದ್ದವು. ನಮ್ಮ ಹೊಲದಲ್ಲಿ ಆ ಹಕ್ಕಿಯನ್ನ ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಸಂಜೆ ಬಿಸಿಲು ಓರೆಯಾಗಿ ಬಿದ್ದಿತ್ತು. ಫೋಟೋ ತಿಳಿದವರು ಆ ಬೆಳಕನ್ನ ಕೇಳಿಕೊಂಡರೂ ಸಿಗಲ್ಲ ಅಂತಾರೆ, ಅಂಥ ಬೆಳಕು. ನಷ್ಟದ ಫೋಟೋಗಳನ್ನೆಲ್ಲ ತೆಗೆದಾದ ಮೇಲೆ ಅದನ್ನೂ ತೆಗೆದೆ.

ಅಪ್ಪ "ತೋರ್ಸು" ಅಂದರು. ಕ್ಯಾಮೆರಾದ ಪರದೆಯಲ್ಲಿ ದೊಡ್ಡದು ಮಾಡಿ ತೋರಿಸಿದೆ. ಬಹಳ ಹೊತ್ತು ನೋಡಿದರು. ಆಮೇಲೆ, "ಇರ್ಲಿ ಬಿಡು ತಮ್ಮಾ, ಅದಕ್ಕರ ಹೊಟ್ಟಿ ತುಂಬ್ತಲ್ಲ" ಅಂದರು.

ಪರದೆ ಮೇಲೆ ಈಗ ಕಾಣ್ತಿರೋದು ಆ ಫೋಟೋ. ಇದನ್ನ ನಾನು ಇವತ್ತಿನವರೆಗೆ ಎಲ್ಲೂ ಹಾಕಿಲ್ಲ. ಹಾಕಿದರೆ ಕೆಳಗೆ ಏನು ಬರುತ್ತೆ ಅಂತ ಗೊತ್ತು. "ವಾವ್", "ಯಾವ ಲೆನ್ಸ್ ಗುರು?", "ಲೊಕೇಶನ್ ಪ್ಲೀಸ್." ತಪ್ಪು ಅವರದಲ್ಲ, ಫ್ರೇಮಿನೊಳಗೆ ಕಾಣೋದೇ ಅಷ್ಟು. ಗದ್ದೆಯೋ ಕೆರೆಯೋ ಅನ್ನೋ ಹಾಗೆ ಕಾಣೋ ಆ ಹಿನ್ನೆಲೆ ಒಬ್ಬ ಮನುಷ್ಯನ ಒಂದು ವರ್ಷ ಅಂತ ಫೋಟೋ ಹೇಳಲ್ಲ, ನಾನೇ ಹೇಳಬೇಕು. ಅದಕ್ಕೇ ಇವತ್ತು ಮಾತಿನ ಜೊತೆ ತೋರಿಸ್ತಿದ್ದೀನಿ.

ಅಪ್ಪನ ಮಾತೂ ಕಾಕಾ ಮಾತೂ ಒಂದೇ ಕುಲದವು. ಇಬ್ಬರಿಗೂ ಹಕ್ಕಿ ಅಂದರೆ ಉಣ್ಣೋಕೆ ಬಂದ ಜೀವ. ಪ್ರಕೃತಿ ಅಂದರೆ ನಗರದಿಂದ ತಪ್ಪಿಸಿಕೊಂಡು ಹೋಗೋ ಜಾಗ ಅನ್ನೋ ಕಲ್ಪನೆ ಅವರಿಬ್ಬರಲ್ಲೂ ಇಲ್ಲ. ಇಬ್ಬರೂ ಹೊಲ ಕಳಕೊಂಡವರು, ಒಬ್ಬರು ಶಾಶ್ವತವಾಗಿ, ಇನ್ನೊಬ್ಬರು ಒಂದು ಸುಗ್ಗಿಗೆ. ಆದರೂ ಹಕ್ಕಿಯ ಮೇಲೆ ಸಿಟ್ಟಿಲ್ಲ. ಇದನ್ನ ನೋಡಿ ನಾನು "ಎಷ್ಟು ದೊಡ್ಡ ಮನಸ್ಸು" ಅಂತ ಕೈ ಮುಗಿದು ಸುಮ್ಮನಾಗಲ್ಲ. ಅವರ ಮನಸ್ಸು ದೊಡ್ಡದಿದೆ ಅಂತ ಅವರ ನಷ್ಟ ಸಣ್ಣದಾಗಲ್ಲ. ಎರಡನ್ನೂ ಒಟ್ಟಿಗೆ ನೋಡೋದು ಕಲಿಯಬೇಕು, ಅಷ್ಟೇ.

ಹೆಬ್ಬಾತು ಹೇಗೆ ಹಿಮಾಲಯ ದಾಟುತ್ತೆ

ನಮ್ಮಂಥ ವಲಸೆಯವರಿಗೆ ಇನ್ನೊಂದು ಹಕ್ಕಿಯ ಬಗ್ಗೆ ಹೇಳಲೇಬೇಕು. ಪಟ್ಟೆತಲೆ ಹೆಬ್ಬಾತು. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ ಚಳಿಗಾಲಕ್ಕೆ ನಮ್ಮಲ್ಲಿಗೆ ಬರುತ್ತೆ. ಭಿಗವಣದಲ್ಲೂ ಸಿಗುತ್ತೆ, ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಬರುತ್ತೆ. ಆ ಕೆರೆ 2024ರಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿತು.

ಇದು ಹಿಮಾಲಯ ದಾಟೋ ಹಕ್ಕಿ. ಇದರ ರಕ್ತದ ಹಿಮೋಗ್ಲೋಬಿನ್ ತೆಳು ಗಾಳಿಯಲ್ಲೂ ಆಮ್ಲಜನಕ ಹಿಡಿಯುತ್ತೆ. ಉಪಗ್ರಹ ಸಾಧನ ಕಟ್ಟಿ ನೋಡಿದಾಗ ಏಳು ಸಾವಿರ ಮೀಟರ್‌ಗಿಂತ ಮೇಲೆ ಹಾರಿದ್ದು ದಾಖಲಾಗಿದೆ. ಬಹಳ ಜನ ತಿಳಿದಿದ್ದು ಇದು ಒಮ್ಮೆ ಮೇಲೆ ಹೋಗಿ ಅಲ್ಲೇ ನೇರ ಹಾರಿ ಆಚೆ ಇಳಿಯುತ್ತೆ ಅಂತ. ಹೃದಯ ಬಡಿತ ಅಳೆಯೋ ಸಾಧನ ಇಟ್ಟು ಮಾಡಿದ ಅಧ್ಯಯನ 2015ರಲ್ಲಿ ಬಂತು, ಅದರ ಪ್ರಕಾರ ಹಾಗಲ್ಲ. ನೆಲ ಏರಿದರೆ ಏರುತ್ತೆ, ಕಣಿವೆ ಬಂದರೆ ಇಳಿಯುತ್ತೆ, ಮತ್ತೆ ಏರುತ್ತೆ. ಗಳಿಸಿದ ಎತ್ತರ ಬಿಟ್ಟುಕೊಟ್ಟು ಮತ್ತೆ ಹತ್ತೋದು ನಷ್ಟ ಅನ್ನಿಸುತ್ತೆ. ಆದರೆ ತೆಳು ಗಾಳಿಯಲ್ಲಿ ಎತ್ತರ ಕಾಯ್ದುಕೊಂಡು ಹಾರೋದೇ ಹೆಚ್ಚು ದುಬಾರಿ. ಅಪ್ರೈಸಲ್ ಸೀಸನ್‌ನಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದರೆ ಬರಲಿ ಅಂತ ಹೇಳಿದೆ. (ನಗು)

"ಅದರ ಊರು ಯಾವುದು?" ಅಂತ ನನ್ನ ಮಗಳು ಕೇಳಿದಳು. ಅವಳು ಹುಟ್ಟಿದ್ದು ಪುಣೆಯಲ್ಲಿ, ಸ್ಕೂಲಲ್ಲಿ ಮರಾಠಿ, ಮನೆಯಲ್ಲಿ ಕಲಬುರಗಿ ಕನ್ನಡ. ಹೆಬ್ಬಾತಿಗೆ ಗೂಡಿನ ಊರೂ ಬೇಕು, ಉಣ್ಣೋ ಊರೂ ಬೇಕು, ನಡುವೆ ಇಳಿದು ಸುಧಾರಿಸಿಕೊಳ್ಳೋ ಕೆರೆಗಳೂ ಬೇಕು. ಒಂದು ಕೆಟ್ಟರೂ ಉಳಿದವು ಸಾಲಲ್ಲ. ನಾನು ಅವಳಿಗೆ ಅಷ್ಟೇ ಹೇಳಿದೆ.

ಹತ್ತು ಸೆಕೆಂಡಿನಲ್ಲಿ ಫ್ಲೆಮಿಂಗೊ

ಈಗ ಒಂದು ನೇರ ಪ್ರಶ್ನೆ. ಇವತ್ತು ಎಐಗೆ ಒಂದು ಸಾಲು ಬರೆದು ಕೊಟ್ಟರೆ ಹತ್ತು ಸೆಕೆಂಡಿನಲ್ಲಿ ನನ್ನದಕ್ಕಿಂತ ಚೆಂದದ ಫ್ಲೆಮಿಂಗೊ ಬರುತ್ತೆ. ಎಂಟೆಕ್‌ನಲ್ಲಿ ನಾನು ಓದಿದ್ದೇ ಇಮೇಜ್ ಪ್ರೊಸೆಸಿಂಗ್, ಹಾಗಾಗಿ ನನಗೆ ಇದರಲ್ಲಿ ಅಚ್ಚರಿ ಇಲ್ಲ. ಹಾಗಾದರೆ ಮೂರೂವರೆಗೆ ಯಾಕೆ ಏಳಬೇಕು?

ನನ್ನ ಉತ್ತರ: ಫೋಟೋದಲ್ಲಿ ಚೆಂದ ಒಂದು ಭಾಗ, ಸಾಕ್ಷಿ ಇನ್ನೊಂದು ಭಾಗ. ಇಂಥ ದಿನ, ಇಂಥ ಜಾಗದಲ್ಲಿ, ಇಂಥ ಹಕ್ಕಿ ಇತ್ತು ಅನ್ನೋದಕ್ಕೆ ಸಾಕ್ಷಿ. ಎಐ ಚಿತ್ರಕ್ಕೆ ದಿನವೂ ಇಲ್ಲ, ಜಾಗವೂ ಇಲ್ಲ. ನಾನು ಪ್ರತಿ ಭೇಟಿಯ ಪಟ್ಟಿಯನ್ನ ಇಬರ್ಡ್‌ನಲ್ಲಿ ಹಾಕ್ತೀನಿ. ಯಾವ ಹಕ್ಕಿ, ಎಷ್ಟು, ಎಷ್ಟು ಹೊತ್ತು ನೋಡಿದೆ. ಹೀಗೆ ಸುಮಾರು 30 ಸಾವಿರ ಜನ ಹಾಕಿದ ಮಾಹಿತಿಯಿಂದ 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿ ವರದಿ ಬಂತು. 942 ಜಾತಿಗಳನ್ನ ಅದು ಪರಿಶೀಲಿಸಿತು. ದೀರ್ಘಕಾಲದ ಏರಿಳಿತ ಹೇಳೋಕೆ ಸಾಕಷ್ಟು ಮಾಹಿತಿ ಇದ್ದದ್ದು 338 ಜಾತಿಗಳಿಗೆ. ಅವುಗಳಲ್ಲಿ 204 ಇಳಿಮುಖ. ನೂರಕ್ಕೆ ಅರವತ್ತು. ಈ ಸಂಖ್ಯೆ ಹೇಳೋಕೆ ಸಾಧ್ಯ ಆಗಿದ್ದು ವೀಕೆಂಡಿನಲ್ಲಿ ಎದ್ದು ಹೋಗಿ ಎಣಿಸಿದ ಜನರಿಂದ. ನಾವು ಆಫೀಸಿನಲ್ಲಿ ಲಾಗ್ ಇಲ್ಲದ ಸಿಸ್ಟಮ್ ಡೀಬಗ್ ಮಾಡೋಕೆ ಒದ್ದಾಡ್ತೀವಲ್ಲ, ಹೊಳೆ, ಕೆರೆಗಳ ಕಥೆಯೂ ಅದೇ. ಲಾಗ್ ಬರೆಯೋಕೆ ಯಾರಾದರೂ ಇರಬೇಕು.

ನಿಮ್ಮ ಊರಲ್ಲಿ

ಇದಕ್ಕೆಲ್ಲ ಕಬಿನಿಗೋ ಮಸಾಯಿ ಮಾರಾಕ್ಕೋ ಹೋಗಬೇಕಿಲ್ಲ. ನಮ್ಮ ಆಫೀಸುಗಳನ್ನ ಕಟ್ಟಿದ್ದೇ ಬಹಳ ಕಡೆ ಕೆರೆ, ಜೌಗಿನ ಪಕ್ಕದಲ್ಲಿ. ಚೆನ್ನೈನವರಿಗೆ ಓಎಂಆರ್ ಮಗ್ಗುಲಲ್ಲೇ ಪಳ್ಳಿಕರಣೈ ಜೌಗು ಇದೆ, 2022ರಲ್ಲಿ ರಾಮ್‌ಸರ್ ಪಟ್ಟಿ ಸೇರಿತು. ಮುಂಬೈಯವರಿಗೆ ಠಾಣೆ ಖಾರಿ. 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯ ಆಯ್ತು, 2022ರಲ್ಲಿ ಅದೂ ರಾಮ್‌ಸರ್ ಆಯ್ತು, ಐರೋಳಿಯಿಂದ ದೋಣಿ ಸಿಗುತ್ತೆ. ಹೈದರಾಬಾದಿನವರಿಗೆ ಮಿಯಾಪುರದ ಆಚೆ ಅಮೀನ್‌ಪುರ ಕೆರೆ, 2016ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆ ಆಗಿದ್ದು. ದಿಲ್ಲಿಯವರಿಗೆ ಓಖ್ಲಾ ಇದೆ, ಗುರುಗ್ರಾಮದವರಿಗೆ ಸುಲ್ತಾನ್‌ಪುರ ಇದೆ. ದಿಲ್ಲಿಯ ಯಮುನಾ ಘಾಟ್‌ನಲ್ಲಿ ಚಳಿಗಾಲದ ಕಡಲಕ್ಕಿಗಳಿಗೆ ಸೇವ್ ಎಸೆದು ಫೋಟೋ ತೆಗೆಯೋ ಪದ್ಧತಿ ಇದೆ. ದಯವಿಟ್ಟು ಅದೊಂದು ಬೇಡ. ಅದು ಅವುಗಳ ಊಟ ಅಲ್ಲ.

ಹೊಸಬರಿಗೆ ಮೂರು ಮಾತು ಹೇಳಿ ಮುಗಿಸ್ತೀನಿ.

ಮೊದಲನೇದು, ಕ್ಯಾಮೆರಾಕ್ಕಿಂತ ಮೊದಲು ದುರ್ಬೀನು ತಗೊಳ್ಳಿ. 8x42 ಸಾಕು. ಆರು ತಿಂಗಳು ಬರೀ ನೋಡಿ. ನೋಡೋಕೆ ಬರದೇ ತೆಗೆದ ಫೋಟೋದಲ್ಲಿ ಹಕ್ಕಿ ಇರುತ್ತೆ, ಅದರ ನಡತೆ ಇರಲ್ಲ.

ಎರಡನೇದು, ಗೂಡಿನ ಹತ್ತಿರ ಹೋಗಬೇಡಿ, ಮೊಬೈಲಲ್ಲಿ ಕೂಗು ಹಾಕಿ ಕರೀಬೇಡಿ, ಗೂಬೆಯಂಥ ಹಕ್ಕಿಗಳ ಲೊಕೇಶನ್ ಹಾಕಬೇಡಿ. ಅನುಮಾನ ಬಂದರೆ ಕಾಕಾ ಮಾತು ನೆನಪಿಸಿಕೊಳ್ಳಿ.

ಮೂರನೇದು, ಒಂದೇ ಜಾಗ ಹಿಡೀರಿ. ಹತ್ತು ಊರು ತಿರುಗಿದರೆ ಹತ್ತು ಹಕ್ಕಿ ಸಿಗ್ತಾವೆ. ಒಂದೇ ಕೆರೆಗೆ ಹತ್ತು ಸಲ ಹೋದರೆ ಆ ಕೆರೆಗೆ ನೀರು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ, ಅದರ ದಂಡೆಯಲ್ಲಿ ಯಾರು ಬದುಕ್ತಾರೆ ಅಂತ ತಿಳಿಯುತ್ತೆ. ಅಲ್ಲಿನವರ ಹತ್ತಿರ ಹಕ್ಕಿಗೆ ಏನಂತ ಕರೀತಾರೆ ಅಂತ ಕೇಳಿ. ಮರಾಠಿಯೋ ತೆಲುಗೋ ತಮಿಳೋ, ಆ ಹೆಸರಿನಿಂದಲೇ ಮಾತು ಶುರುವಾಗುತ್ತೆ. ನನ್ನ ಮರಾಠಿ ಸುಧಾರಿಸಿದ್ದು ಆಫೀಸಿನಲ್ಲಿ ಅಲ್ಲ, ದೋಣಿಯಲ್ಲಿ.

ಈ ಚಳಿಗಾಲ ಅಪ್ಪ ಪುಣೆಗೆ ಬರ್ತೀನಿ ಅಂದಿದ್ದಾರೆ. ಕಣ್ಣಿನ ಆಪರೇಶನ್ ಆಗಿದೆ, ಈಗ ದೂರದ್ದು ಚೆನ್ನಾಗಿ ಕಾಣುತ್ತಂತೆ. ಭಿಗವಣಕ್ಕೆ ಕರ್ಕೊಂಡು ಹೋಗ್ತೀನಿ ಅಂದೆ. "ನಮ್ ಹೊಳಿ ಮ್ಯಾಲ ಹ್ಯಾಂಗದ ಅಂತ ನೋಡ್ಬೇಕು" ಅಂದರು. ಹಕ್ಕಿಯ ಸುದ್ದಿಯೇ ಎತ್ತಲಿಲ್ಲ. ಕಾಕಾಗೆ ಫೋನ್ ಮಾಡಿ ಒಂದು ಸೀಟು ಹೇಳಿಟ್ಟಿದ್ದೀನಿ.

ನಿಮ್ಮ ನಿಮ್ಮ ಊರಿನ ಕೆರೆ, ಹೊಳೆ, ಖಾರಿಯಲ್ಲಿ ಏನು ಕಂಡಿರಿ ಅಂತ ಕೆಳಗೆ ಬರೀರಿ, ಅಲ್ಲಿನ ಹೆಸರು ಸಮೇತ.